ಪೇಟೆಯ ಬೀದಿ ಮತ್ತು ಪಾದಚಾರಿ

ಬೆಂಗಳೂರು–ಮೈಸೂರು ಹೆದ್ದಾರಿಯನ್ನು ರುದ್ರಾಕ್ಷಿಪುರದಲ್ಲಿ ಬಿಟ್ಟು ದಕ್ಷಿಣಕ್ಕೆ ಸುಮಾರು 12 ಕಿಲೋಮೀಟರು ಸಾಗಿದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ದೊರೆಯುತ್ತದೆ. ಶಿಂಷಾ ನದಿಗೆ ಸಮೀಪವಾದ ಈ ಊರಿನ ಹೆಸರನ್ನು ಕೇಳದ ವಿದ್ಯಾರ್ಥಿಯು ಮಂಡ್ಯ ಜಿಲ್ಲೆಯಲ್ಲಿ ಇರಲಾರನು. ಮನೆಗಳ ಹಿತ್ತಲಿನ ಹುಣಸೆಮರಗಳಲ್ಲಿ, ಬೀದಿಯ ಬದಿಯ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿ ಮರಿಮಾಡುತ್ತವೆ. ಹಕ್ಕಿ ಕೂತ ಮರದ ಹುಣಸೆಫಲ ಕೈಗೆ ಸಿಗದು. ಹಿಕ್ಕೆಯ ನಾತ ಸಾಮಾನ್ಯವಾದುದಲ್ಲ. ಆದರೂ ಊರವರು ಅವುಗಳನ್ನು ಓಡಿಸಲಿಲ್ಲ. ಪ್ಲೇಗಿನ ಕಾಲದಲ್ಲಿ ಊರು ನದಿಯ ದಡದಿಂದ ಈಗಿನ ಸ್ಥಳಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದುವೆಂಬುದು ಅಲ್ಲಿನ ಹಿರಿಯರ ಮಾತು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ತಾಣದ ಮಹತ್ತ್ವವನ್ನು ಹೊರಜಗತ್ತಿನ ಗಮನಕ್ಕೆ ತಂದರು. 1994ರಲ್ಲಿ ಊರಿನ ಯುವಕರನ್ನು ಕೂಡಿಸಿಕೊಂಡು ಹೆಜ್ಜಾರ್ಲೆ ಬಳಗವು ಹುಟ್ಟಿ, ಗೂಡಿನಿಂದ ನೆಲಕ್ಕೆ ಬಿದ್ದ ಮರಿಗಳನ್ನು ಸಾಕಿ ಹಾರಲು ಬಿಡುವ ಕೆಲಸವನ್ನು ಕೈಗೊಂಡಿತು. 2007ರಲ್ಲಿ ಸರ್ಕಾರವು ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಹಕ್ಕಿಗಳ ವಿಷಯವನ್ನು ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುವರು. ಇಲ್ಲಿ ವಿಚಾರಿಸಬೇಕಾದುದು ಬೇರೊಂದು. ಹಕ್ಕಿ ನೋಡಲೆಂದು ಕಾರಿನಲ್ಲಿ ಬರುವ ಪ್ರವಾಸಿಯು ಈ ಊರಿನ ಬೀದಿಗೆ ಇಳಿದೊಡನೆ ವೇಗವನ್ನು ತಾನಾಗಿ ತಗ್ಗಿಸಬೇಕಾಗುತ್ತದೆ. ಬೀದಿ ಕಿರಿದು, ಮನೆಯ ಬಾಗಿಲು ನೇರವಾಗಿ ಬೀದಿಗೇ ತೆರೆಯುತ್ತದೆ, ಮಗು, ಕುರಿ, ಕೋಳಿ ಯಾವಾಗ ಅಡ್ಡ ಬರುವುದೋ ತಿಳಿಯದು, ಮೇಲಾಗಿ ಮರದ ಕಡೆಗೆ ಕಣ್ಣು ಹಾಯಿಸಲು ಬಂದವನಿಗೆ ಓಡಿಹೋಗುವ ಅವಸರವೂ ಇಲ್ಲ. ಅದೇ ಪ್ರವಾಸಿಯು ಎರಡು ಗಂಟೆಯ ತರುವಾಯ ಮದ್ದೂರಿನದೋ ಮಳವಳ್ಳಿಯದೋ ಪೇಟೆಬೀದಿಯನ್ನು ಹೊಕ್ಕಾಗ ಅವನ ನಡೆಯೇ ಬೇರೆಯಾಗುತ್ತದೆ. ಅಲ್ಲಿಯೂ ಅಂಗಡಿಯ ಬಾಗಿಲು ಬೀದಿಗೇ ತೆರೆದಿದೆ; ತಳ್ಳುಗಾಡಿ, ತರಕಾರಿಯ ಗುಡ್ಡೆ, ನಿಂತ ಆಟೋ, ಇವುಗಳ ಸಂದಿನಿಂದ ಮಕ್ಕಳೂ ಮುದುಕರೂ ರಸ್ತೆಗೆ ಕಾಲಿಡುತ್ತಾರೆ. ಕೊಕ್ಕರೆ ಬೆಳ್ಳೂರಿನಲ್ಲಿ ದಿನಕ್ಕೆ ನಡೆಯುವ ಜನರಿಗಿಂತ ಹಲವು ಪಾಲು ಹೆಚ್ಚು ಜನ ಅಲ್ಲಿ ಒಂದು ಗಂಟೆಯಲ್ಲಿ ನಡೆಯುತ್ತಾರೆ. ಆದರೆ ಅಲ್ಲಿ ಹಾರ್ನು ಮೊಳಗುತ್ತದೆಯೇ ಹೊರತು ವೇಗ ತಗ್ಗುವುದಿಲ್ಲ. ಜನನಿಬಿಡವಾದ ಪೇಟೆಬೀದಿಗಳಲ್ಲಿ ಯಾವ ವಾಹನವೂ ಗಂಟೆಗೆ 30 ಕಿಲೋಮೀಟರಿಗಿಂತ ವೇಗವಾಗಿ ಹೋಗಕೂಡದೆಂಬ ಕಟ್ಟಳೆಯು ಬೋರ್ಡಿನ ಬರಹವಾಗಿ ಮಾತ್ರವಲ್ಲದೆ ಕಾನೂನಿನ ಬಲವುಳ್ಳ ಆಜ್ಞೆಯಾಗಿ ಬರಬೇಕಾದ ಕಾಲ ಒದಗಿದೆ.

ಈ ಮಾತಿಗೆ ಈ ಪ್ರಾಂತ್ಯದಲ್ಲಿ ವಿಶೇಷವಾದ ಕಾರಣವೊಂದುಂಟು. ಬಹುಕಾಲದಿಂದ ಬೆಂಗಳೂರು–ಮೈಸೂರು ರಸ್ತೆಯು ಊರೂರುಗಳ ನಡುವೆಯೇ ಹರಿಯುತ್ತಿತ್ತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಪೇಟೆಯೆಂದರೆ ಹೆದ್ದಾರಿಯೇ. 2023ರ ಮಾರ್ಚ್ 12ರಂದು 118 ಕಿಲೋಮೀಟರಿನ ಹೊಸ ಹೆದ್ದಾರಿ ಉದ್ಘಾಟನೆಗೊಂಡಿತು. ಬೈಪಾಸುಗಳೂ ಮದ್ದೂರಿನ ಮೇಲ್ಸೇತುವೆಯೂ ದೂರದ ವಾಹನಗಳನ್ನು ಪೇಟೆಯಿಂದ ಹೊರಗೆ ಒಯ್ದುವು. ಆ ವರ್ಷವೇ ಹೊಸ ರಸ್ತೆಯಲ್ಲಿ ಸಾವುಗಳು ಹೆಚ್ಚಿದ ಕಾರಣ ಪೊಲೀಸರು ವೇಗ ಅಳೆಯುವ ಯಂತ್ರ ಹಿಡಿದು ನಿಲ್ಲಬೇಕಾಯಿತು. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧವಾಯಿತು. ಇದು ಉಚಿತವಾದ ಕ್ರಮವೇ. ಆದರೆ ಇದರ ಇನ್ನೊಂದು ಪರಿಣಾಮವನ್ನು ಯೋಚಿಸಿದವರು ಕಡಿಮೆ. ಮುಖ್ಯ ಪಥದಿಂದ ಕೆಳಗಿಳಿದ ಬೈಕು, ಆಟೋ, ಕಬ್ಬಿನ ಟ್ರ್ಯಾಕ್ಟರುಗಳೆಲ್ಲ ಈಗ ಸರ್ವಿಸ್ ರಸ್ತೆಯಲ್ಲಿ, ಹಳೆಯ ಪೇಟೆಬೀದಿಯಲ್ಲಿ ಓಡುತ್ತವೆ. ಅಂಗಡಿ, ಬಸ್ ನಿಲ್ದಾಣ, ಶಾಲೆ, ಎಳನೀರಿನ ವಹಿವಾಟು ಇರುವುದೂ ಅಲ್ಲಿಯೇ. ದೂರದ ಕಾರು ಹೊರಗೆ ಹೋಯಿತೆಂದು ಪಾದಚಾರಿಯ ಕಷ್ಟ ತೀರಿತೆಂದು ತಿಳಿಯುವುದು ತಪ್ಪು. ಲಾರಿಗಳ ಸಾಲು ಇದ್ದಾಗ ಒತ್ತಾಗಿ ನಿಧಾನವಾಗಿದ್ದ ಹಳೆಯ ರಸ್ತೆಯು ಖಾಲಿಯಾದಷ್ಟೂ ಬೈಕಿನ ಹುಡುಗರಿಗೆ ಬಯಲಾಗುತ್ತದೆ.

ಕಾನೂನು ಏನು ಹೇಳುತ್ತದೆಂಬುದನ್ನು ನೋಡಿದರೆ ಸಾಮಾನ್ಯ ಜನರು ಬೆರಗಾಗುವರು. ಕೇಂದ್ರ ಸರ್ಕಾರವು 2018ರ ಏಪ್ರಿಲಿನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಪುರಾಡಳಿತದ ಎಲ್ಲೆಯೊಳಗಿನ ರಸ್ತೆಗಳಲ್ಲಿ ಕಾರಿಗೆ ಗಂಟೆಗೆ 70 ಕಿಲೋಮೀಟರು, ಬಸ್ಸು ಲಾರಿ ಮೋಟಾರ್ ಸೈಕಲುಗಳಿಗೆ 60, ಆಟೋಗೆ 50 ಗರಿಷ್ಠ ಮಿತಿ. ಎಂದರೆ ಬೇರೆ ಆಜ್ಞೆ ಇಲ್ಲದ ಕಡೆ, ಬಳೆಯಂಗಡಿಗೂ ಕಿರಾಣಿ ಅಂಗಡಿಗೂ ನಡುವಣ ಬೀದಿಯಲ್ಲಿ 70ರ ವೇಗದಲ್ಲಿ ಹೋದವನು ಮಿತಿಮೀರಿದ ಅಪರಾಧಿಯಲ್ಲ. ಆದರೆ ಅದೇ ಮೋಟಾರು ವಾಹನ ಕಾಯ್ದೆಯ (1988) 112ನೆಯ ಪ್ರಕರಣವು ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ, ಸಾರ್ವಜನಿಕರ ಸುರಕ್ಷತೆಗಾಗಿ ಯಾವುದೇ ರಸ್ತೆಯಲ್ಲಿ ಇದಕ್ಕಿಂತ ಕಡಿಮೆ ಮಿತಿ ಗೊತ್ತುಮಾಡುವ ಅಧಿಕಾರವನ್ನು ಕೊಟ್ಟಿದೆ. ಅದಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆಯೂ ಬೇಕು, ರಸ್ತೆಯಲ್ಲಿ ಕ್ರಮಬದ್ಧವಾದ ಸಂಚಾರ ಫಲಕವೂ ಬೇಕು. ಸಂಘ ಸಂಸ್ಥೆಗಳು ಸದುದ್ದೇಶದಿಂದ ನೆಟ್ಟ ‘ನಿಧಾನವಾಗಿ ಚಲಿಸಿ’ ಎಂಬ ಫಲಕಗಳಿಗೆ ಬೆಲೆ ಇಲ್ಲದಿರುವುದು ಇದೇ ಕಾರಣದಿಂದ. ಅವು ಬಿನ್ನಹಗಳು, ಆಜ್ಞೆಗಳಲ್ಲ.

ಮೂವತ್ತೇ ಏಕೆ, ನಲವತ್ತೇಕಾಗದು ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರವು ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿಯೇ ಇದೆ. ಉಪಾಧ್ಯಾಯರು ಇದನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಬಹುದು. ಗಂಟೆಗೆ 30 ಕಿಲೋಮೀಟರೆಂದರೆ ಸೆಕೆಂಡಿಗೆ ಎಂಟೂಕಾಲು ಮೀಟರಿಗೆ ತುಸು ಮೇಲೆ. 60 ಎಂದರೆ ಅದರ ಇಮ್ಮಡಿ, ಹದಿನಾರೂವರೆಗೆ ತುಸು ಮೇಲೆ. ಕಣ್ಣಿಗೆ ಕಂಡ ಅಪಾಯವು ಬುದ್ಧಿಗೆ ತಿಳಿದು ಕಾಲು ಬ್ರೇಕನ್ನು ಒತ್ತುವುದಕ್ಕೆ ಎಚ್ಚರವುಳ್ಳ ಚಾಲಕನಿಗೂ ಸುಮಾರು ಒಂದು ಸೆಕೆಂಡು ಬೇಕು. ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕು ಹಿಡಿದ ಮೇಲೆ 30ರ ವೇಗದ ಕಾರು ಐದು ಮೀಟರಿನೊಳಗೆ ನಿಲ್ಲುತ್ತದೆ. 60ರದು ಇಪ್ಪತ್ತು ಮೀಟರು ಜಾರಿಯೇ ನಿಲ್ಲುವುದು. ಈಗ 15 ಮೀಟರು ಮುಂದೆ, ನಿಂತ ಆಟೋದ ಮರೆಯಿಂದ ಮಗುವೊಂದು ಓಡಿಬಂದಿತೆಂದು ಊಹಿಸಬಹುದು. 30ರ ವೇಗದವನು ಹದಿಮೂರು, ಹದಿನಾಲ್ಕು ಮೀಟರಿನಲ್ಲಿ ನಿಂತು, ಮಗುವನ್ನು ಗದರಿಸಿ, ಮುಂದೆ ಹೋಗುತ್ತಾನೆ. 50ರವನ ಕಾಲು ಬ್ರೇಕಿಗೆ ತಾಗುವಷ್ಟರಲ್ಲಿ ವಾಹನ ಹದಿನಾಲ್ಕು ಮೀಟರು ಸಾಗಿರುತ್ತದೆ. 60ರವನ ಕಾಲು ಬ್ರೇಕಿಗೆ ತಾಗುವ ಮೊದಲೇ ಎಲ್ಲ ಮುಗಿದಿರುತ್ತದೆ. ಇದರಲ್ಲಿ ಚಾಲಕನ ಚಾತುರ್ಯದ ಮಾತೇ ಇಲ್ಲ. ‘ನನ್ನ ಕೈ ಪಳಗಿದ ಕೈ’ ಎಂಬ ಹೆಮ್ಮೆಯು ಒಂದು ಸೆಕೆಂಡಿನ ಲೆಕ್ಕವನ್ನು ಬದಲಿಸಲಾರದು.

ಪೆಟ್ಟಿನ ಬಲವು ವೇಗದ ವರ್ಗಕ್ಕನುಸಾರವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಪೆಟ್ಟು ನಾಲ್ಮಡಿ. ಇದನ್ನೇ ಎತ್ತರಕ್ಕೆ ಅಳವಡಿಸಿದರೆ, 30ರ ವೇಗದ ಹೊಡೆತವು ಮೂರೂವರೆ ಮೀಟರಿನಿಂದ, ಎಂದರೆ ಹುಣಸೆಮರದ ಕೆಳಗೊಂಬೆಯಿಂದ ಬಿದ್ದಂತೆ. 60ರದು ಹದಿನಾಲ್ಕು ಮೀಟರಿನಿಂದ, ಎಂದರೆ ಮರದ ನೆತ್ತಿಯಿಂದ ಬಿದ್ದಂತೆ. ಕೊಂಬೆಯಿಂದ ಬಿದ್ದವನು ಕೈಕಾಲು ಮುರಿದುಕೊಂಡಾದರೂ ಬದುಕುವ ಸಂಭವವುಂಟು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಸರಾಸರಿ ವೇಗವು ಶೇಕಡಾ 1ರಷ್ಟು ಏರಿದರೆ ಪ್ರಾಣಹಾನಿಯ ಅಪಘಾತಗಳ ಸಂಭವ ಶೇಕಡಾ 4ರಷ್ಟು ಏರುತ್ತದೆ. ಇನ್ನು ಇದರಿಂದ ಚಾಲಕನಿಗಾಗುವ ನಷ್ಟವೆಷ್ಟು? ಒಂದು ಕಿಲೋಮೀಟರು ಉದ್ದದ ಪೇಟೆಯನ್ನು 50ರಲ್ಲಿ ದಾಟಲು 72 ಸೆಕೆಂಡು, 30ರಲ್ಲಿ ದಾಟಲು 120 ಸೆಕೆಂಡು. ವ್ಯತ್ಯಾಸ 48 ಸೆಕೆಂಡು. ಮದ್ದೂರು ವಡೆಯ ಪೊಟ್ಟಣ ಕಟ್ಟಿಸಿಕೊಳ್ಳುವುದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಕಾಯಬೇಕು.

ಸಾವಿನ ಲೆಕ್ಕವನ್ನು ಹೇಳದೆ ಗತಿಯಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಅಸುನೀಗಿದರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಸತ್ತವರ ಪೈಕಿ ಶೇಕಡಾ 71ಕ್ಕೂ ಮಿಕ್ಕಿದವರ ಸಾವಿಗೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ. ದಿನವೊಂದಕ್ಕೆ ತೊಂಬತ್ತು ಮಂದಿ ಪಾದಚಾರಿಗಳು! ಒಂದು ರೈಲು ಹಳಿ ತಪ್ಪಿ ತೊಂಬತ್ತು ಮಂದಿ ಸತ್ತರೆ ದೇಶವೇ ಮರುಗುತ್ತದೆ. ಪಾದಚಾರಿಗಳು ಒಬ್ಬೊಬ್ಬರಾಗಿ, ಬೇರೆ ಬೇರೆ ಊರುಗಳಲ್ಲಿ ಸಾಯುವುದರಿಂದ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಮುಗಿಯುತ್ತಾರೆ. ಗುದ್ದಿ ಓಡಿಹೋದ ವಾಹನ ಯಾವುದೆಂದು ತಿಳಿಯದಿದ್ದರೆ 2022ರ ಯೋಜನೆಯಂತೆ ಮೃತನ ಮನೆಯವರಿಗೆ ಸಲ್ಲುವ ಪರಿಹಾರ 2 ಲಕ್ಷ ರೂಪಾಯಿ. ವೇಗಮಿತಿ ಮೀರಿದ ಕಾರಿನವನಿಗೆ 2019ರ ತಿದ್ದುಪಡಿಯಂತೆ ದಂಡ 1,000ದಿಂದ 2,000 ರೂಪಾಯಿ.

ಹೊರನಾಡುಗಳಲ್ಲಿ ಈ ಪ್ರಯೋಗ ಹೊಸದಲ್ಲ. ಆಸ್ಟ್ರಿಯ ದೇಶದ ಗ್ರಾಟ್ಸ್ ನಗರವು 1992ರಲ್ಲಿಯೇ ಮುಖ್ಯ ರಸ್ತೆಗಳನ್ನುಳಿದು ಇಡೀ ಪಟ್ಟಣಕ್ಕೆ 30ರ ಮಿತಿಯನ್ನು ವಿಧಿಸಿತು. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ರಾಷ್ಟ್ರಗಳ ಸಮ್ಮೇಳನವು ಪಾದಚಾರಿಗಳೂ ವಾಹನಗಳೂ ಕಲೆತು ಸಾಗುವ ಕಡೆಗಳಲ್ಲೆಲ್ಲ 30 ಕಿಲೋಮೀಟರೇ ಮಿತಿಯಾಗಬೇಕೆಂದು ಸಾರಿತು. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀದಿಗಳಿಗೆ ಈ ಮಿತಿ ಇದ್ದು, 2025ರ ಜುಲೈವರೆಗಿನ ಒಂದು ವರ್ಷದಲ್ಲಿ ಆ ನಗರದ ರಸ್ತೆಗಳಲ್ಲಿ ಒಬ್ಬನೂ ಸಾಯಲಿಲ್ಲವೆಂದು ವರದಿಯಾಯಿತು. ಹೆಲ್ಸಿಂಕಿ ಮದ್ದೂರಲ್ಲವೆಂಬ ಆಕ್ಷೇಪ ಸರಿಯೇ. ಅಲ್ಲಿ ಕಬ್ಬಿನ ಗಾಡಿ ಇಲ್ಲ, ಬಿಡಾಡಿ ದನವಿಲ್ಲ, ಎದುರು ದಿಕ್ಕಿನಿಂದ ನುಗ್ಗುವ ಬೈಕಿಲ್ಲ. ಆದರೆ ಈ ಆಕ್ಷೇಪವು ಯಾವ ಕಡೆಗೆ ತೂಗುತ್ತದೆ? ಇಷ್ಟೆಲ್ಲ ಅಡೆತಡೆಗಳಿರುವ ಬೀದಿಗೆ ಇನ್ನೂ ಕಡಿಮೆ ವೇಗ ಬೇಕೆನ್ನುವುದು ನ್ಯಾಯವೇ ಹೊರತು ಹೆಚ್ಚು ವೇಗ ಸಲ್ಲಬಹುದೆನ್ನುವುದು ನ್ಯಾಯವಲ್ಲ.

ವರ್ತಕರ ಭಯವನ್ನು ಲಘುವಾಗಿ ಕಾಣಬಾರದು. ವೇಗ ಕಡಿಮೆಮಾಡಿದರೆ ಗಿರಾಕಿ ಬೇರೆ ಊರಿಗೆ ಹೋಗುವನೆಂದು ಅವರ ಶಂಕೆ. ಆದರೆ ಇದೇ ರಸ್ತೆಯ ಅನುಭವವು ಬೇರೆಯೇ ಪಾಠವನ್ನು ಹೇಳುತ್ತದೆ. 2023ರಲ್ಲಿ ಬೈಪಾಸು ತೆರೆದಾಗ ಚನ್ನಪಟ್ಟಣದ ಬೊಂಬೆ ಅಂಗಡಿಯವರೂ ಹಳೆಯ ರಸ್ತೆಯ ಹೋಟೆಲಿನವರೂ ವ್ಯಾಪಾರ ಕುಸಿಯಿತೆಂದು ಗೋಳಾಡಿದರು. ವಾಹನಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ. ಅವು ನಿಲ್ಲದೆ ಓಡುವಂತಾಗಿತ್ತು, ಅಷ್ಟೆ. 80ರ ವೇಗದಲ್ಲಿ ಹೋಗುವವನು ಬೊಂಬೆ ಕೊಳ್ಳುವುದಿಲ್ಲ. ಕೊಳ್ಳುವವನು ನಿಧಾನಿಸುವವನು, ಅವನಿಗಿಂತ ಹೆಚ್ಚಾಗಿ ಕೊಳ್ಳುವವನು ನಡೆದು ಬರುವವನು. ಪೇಟೆಯೆಂಬುದು ನಡೆಯುವವರಿಗಾಗಿಯೇ ಹುಟ್ಟಿದ ಏರ್ಪಾಡು. ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆಗಳ ಬೀದಿಗಳ ಅಗಲವನ್ನು ನೋಡಿದರೆ ಇದು ಗೊತ್ತಾಗುತ್ತದೆ. ಅದೇ ನಗರದ ಚರ್ಚ್ ಸ್ಟ್ರೀಟನ್ನು 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳಿಗೆ ಮುಚ್ಚಿ ಜನರಿಗೆ ಬಿಟ್ಟುಕೊಟ್ಟದ್ದುಂಟು. ಮದ್ದೂರಿನಲ್ಲಿ ಅಷ್ಟು ಬೇಡ. ವೇಗ ತಗ್ಗಿದರೆ ಸಾಕು.

ವರ್ತಕರು ಕೇಳಬೇಕಾದ ಇನ್ನೊಂದು ಮಾತೂ ಇದೆ, ಅದು ಅಷ್ಟು ಹಿತವಾದುದಲ್ಲ. ಪಾದಚಾರಿಯು ರಸ್ತೆಗೆ ಇಳಿಯುವುದು ಅವನ ಚಪಲದಿಂದಲ್ಲ. ಕಾಲುಹಾದಿಯ ಮೇಲೆ ಪ್ಲಾಸ್ಟಿಕ್ ಕೊಡ, ಕುರ್ಚಿ, ಈರುಳ್ಳಿ ಮೂಟೆ, ಅಂಗಡಿಯವನ ಸ್ವಂತ ಬೈಕು ನಿಂತಿರುವುದರಿಂದ ಅವನು ಇಳಿಯುತ್ತಾನೆ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಪಾದಚಾರಿ ಮಾರ್ಗದ ಹಕ್ಕನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಎತ್ತಿಹೇಳಿತು. ಜೀವಿಸುವ ಹಕ್ಕನ್ನು ಈರುಳ್ಳಿ ಮೂಟೆಯು ಆಕ್ರಮಿಸಿಕೊಂಡಿದೆಯೆಂದರೆ ಕಿವಿಗೆ ವಿಚಿತ್ರವಾಗಿ ಕೇಳಬಹುದು. ಸಂಗತಿ ಮಾತ್ರ ಹಾಗೆಯೇ ಇದೆ.

ವೇಗ ತಗ್ಗಿಸಲು ಜನರು ತಾವಾಗಿ ಕಂಡುಕೊಂಡ ಉಪಾಯ ಒಂದೇ: ರಸ್ತೆಯುಬ್ಬು. ಊರ ಮುಂದೆ ಒಂದು ಸಾವಾದರೆ ಮರುದಿನ ರಸ್ತೆತಡೆ, ಮೂರನೆಯ ದಿನ ಹಂಪು. ದುಃಖದಲ್ಲಿ ಎದ್ದ ಈ ಗೋಡೆಗಳಿಗೆ ಅಳತೆಯೂ ಇಲ್ಲ, ಬಣ್ಣವೂ ಇಲ್ಲ. ರಾತ್ರಿ ಕಾಣದೆ ಎಷ್ಟೋ ಬೈಕಿನವರು ಅದರ ಮೇಲೆಯೇ ಬೀಳುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿಯೇ ಇದಕ್ಕೆ ಅಳತೆಯನ್ನು ಸೂಚಿಸಿದೆ: ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು, ಮೇಲ್ಮೈ ದುಂಡಾಗಿರಬೇಕು. ಇಂತಹ ಉಬ್ಬನ್ನು 25ರ ವೇಗದಲ್ಲಿ ಸುಖವಾಗಿ ದಾಟಬಹುದು, ಅದಕ್ಕಿಂತ ವೇಗದಲ್ಲಿ ಆಗದು. ಗರ್ಭಿಣಿಯೂ ರೋಗಿಯೂ ಬಸ್ಸಿನಲ್ಲಿ ಕುಳಿತಿರುತ್ತಾರೆಂಬುದನ್ನು ನೆನೆದು ಈ ಅಳತೆ ಬಂದಿದೆ. ಪೇಟೆಯ ಎರಡು ತುದಿಗಳಲ್ಲಿ ಬಣ್ಣ ಬಳಿದ ಒಂದೊಂದು ಸರಿಯಾದ ಉಬ್ಬು, ನಡುವೆ ರಸ್ತೆಯ ಮಟ್ಟಕ್ಕಿಂತ ತುಸು ಎತ್ತರದ ಜೀಬ್ರಾ ಪಟ್ಟೆ ಇದ್ದರೆ ಪೊಲೀಸಿನವನು ದಿನವಿಡೀ ನಿಲ್ಲಬೇಕಾಗಿಲ್ಲ.

ಇಂತಹ ಆಜ್ಞೆಯನ್ನು ಹೊರಡಿಸುವ ಧೈರ್ಯ ಯಾರಿಗಿದೆ ಎಂದು ನಿರಾಶರಾಗುವವರು ನೆರೆಯ ಚಾಮರಾಜನಗರ ಜಿಲ್ಲೆಯನ್ನು ನೋಡಬಹುದು. ಬಂಡೀಪುರದ ಕಾಡಿನ ನಡುವೆ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದುದನ್ನು ಕಂಡು 2009ರಲ್ಲಿ ಅಲ್ಲಿನ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನೇ ನಿಷೇಧಿಸಿದರು. ನೆರೆರಾಜ್ಯದ ವಿರೋಧವಿದ್ದರೂ 2010ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಜಿಂಕೆ ಆನೆಗಳಿಗಾಗಿ ಒಂಬತ್ತು ಗಂಟೆಯ ಕಾಲ ಹೆದ್ದಾರಿಯನ್ನು ನಿಲ್ಲಿಸಬಲ್ಲ ಆಡಳಿತಕ್ಕೆ, ಔಷಧಿ ಕೊಳ್ಳಲು ಬೀದಿ ದಾಟುವ ಅಜ್ಜಿಗಾಗಿ 48 ಸೆಕೆಂಡುಗಳನ್ನು ಕೇಳುವ ಅಧಿಕಾರ ಇಲ್ಲವೆನ್ನಲಾಗದು. ಬಂಡೀಪುರದ ಆಜ್ಞೆಯನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ, ಅದು ಶ್ಲಾಘ್ಯವಾದುದು. ಆದರೆ ಅಜ್ಜಿಯ ಪರವಾಗಿ ಮಾತನಾಡುವ ಸಂಘಗಳು ಆನೆಯ ಪರವಾಗಿ ಮಾತನಾಡುವಷ್ಟು ಇಲ್ಲ.

ವಿದ್ಯಾಸಂಸ್ಥೆಗಳ ಪಾಲು ಇದರಲ್ಲಿ ಸಣ್ಣದಲ್ಲ. ಶಾಲೆ ಬಿಡುವ ಹೊತ್ತಿಗೂ ಪೇಟೆ ತುಂಬುವ ಹೊತ್ತಿಗೂ ಬಹಳ ಅಂತರವಿರುವುದಿಲ್ಲ. ಹಳ್ಳಿಯ ಮಕ್ಕಳು ಬಸ್ಸಿಗಾಗಿ ಪೇಟೆಯನ್ನು ಹಾದೇ ಹೋಗಬೇಕು. ಉಪಾಧ್ಯಾಯರು ಒಂದು ದಿನ ಮೇಲ್ತರಗತಿಯ ಮಕ್ಕಳನ್ನು ಅಳತೆಪಟ್ಟಿ, ಗಡಿಯಾರಗಳೊಡನೆ ಬೀದಿಯ ಬದಿಗೆ ಕರೆದೊಯ್ದು, ಐವತ್ತು ಮೀಟರನ್ನು ಪ್ರತಿಯೊಂದು ವಾಹನವು ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆಂದು ಬರೆಸಿದರೆ, ಆ ಊರಿನ ಮಟ್ಟಿಗೆ ಯಾವ ಇಲಾಖೆಯ ಬಳಿಯೂ ಇಲ್ಲದ ದಾಖಲೆ ಸಿದ್ಧವಾಗುತ್ತದೆ. ಆರು ಸೆಕೆಂಡಿಗಿಂತ ಬೇಗ ದಾಟಿದುದೆಲ್ಲ 30ನ್ನು ಮೀರಿದುದು. ಹಿರಿಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ಎಂಜಿನಿಯರರಿದ್ದಾರೆ, ಪುರಸಭೆ ಪಂಚಾಯಿತಿಗಳ ಸದಸ್ಯರಿದ್ದಾರೆ, ಬಸ್ಸು ಲಾರಿಗಳ ಮಾಲೀಕರೂ ಇದ್ದಾರೆ. ಆ ದಾಖಲೆಯನ್ನು ಜಿಲ್ಲಾ ಕಚೇರಿಯ ಮೇಜಿಗೆ ಮುಟ್ಟಿಸಲು ಬೇಕಾದ ಕೈಗಳೆಲ್ಲ ಅಲ್ಲಿಯೇ ಇವೆ. ದಾನಿಗಳ ವಿಷಯದಲ್ಲಿ ಒಂದು ಮಾತು: ಮಹಾದ್ವಾರಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಆ ದ್ವಾರದಿಂದ ಬಸ್ ನಿಲ್ದಾಣದವರೆಗೆ ಮಕ್ಕಳು ನಡೆಯಲು ಎತ್ತರಿಸಿದ ಕಲ್ಲುಹಾಸಿನ ಹಾದಿಯೊಂದನ್ನು ಮಾಡಿಸಿ ಅದರ ಮೇಲೆ ಹೆಸರು ಕೆತ್ತಿಸಿದರೂ ಯಾರೂ ಬೇಡವೆನ್ನುವುದಿಲ್ಲ.

ಎಲ್ಲ ಪೇಟೆಗಳಲ್ಲಿ ಏಕಕಾಲಕ್ಕೆ ಇದಾಗಬೇಕೆಂಬ ಹಟ ಬೇಡ. 112ನೆಯ ಪ್ರಕರಣದಲ್ಲಿ ಒಂದು ಅನುಕೂಲವುಂಟು: ಒಂದು ತಿಂಗಳಿಗೆ ಮೀರದ ಮಿತಿಗೆ ರಾಜ್ಯಪತ್ರದ ಅಧಿಸೂಚನೆಯೂ ಬೇಕಾಗಿಲ್ಲ. ಪ್ರತಿವರ್ಷ ಶಿವರಾತ್ರಿಯ ಹೊತ್ತಿಗೆ ಬೆಂಗಳೂರು, ರಾಮನಗರ, ಮಂಡ್ಯದ ಕಡೆಗಳಿಂದ ಸಹಸ್ರಾರು ಭಕ್ತರು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟು ಮಳವಳ್ಳಿ, ಕೊಳ್ಳೇಗಾಲಗಳ ಮಾರ್ಗವಾಗಿ ಸಾಗುತ್ತಾರೆ. ತಲೆಯ ಮೇಲೆ ಗಂಟು, ಬರಿಗಾಲು, ರಾತ್ರಿಯ ನಡಿಗೆ. ಪಕ್ಕದಲ್ಲಿಯೇ ಬೆಂಗಳೂರು–ಕೊಯಮತ್ತೂರು ಮಾರ್ಗದ ಲಾರಿಗಳು. ಆ ಒಂದು ತಿಂಗಳ ಮಟ್ಟಿಗೆ ಮಳವಳ್ಳಿಯ ಪೇಟೆಯಲ್ಲಿಯೂ ಮದ್ದೂರಿನ ಹಳೆಯ ರಸ್ತೆಯಲ್ಲಿಯೂ 30ರ ಫಲಕ ನೆಟ್ಟು ಆಜ್ಞೆಯನ್ನು ಜಾರಿಮಾಡಿ ನೋಡಬಹುದು. ತಿಂಗಳು ತುಂಬಿದ ದಿನ ಪೊಲೀಸ್ ಠಾಣೆಯ ಅಪಘಾತದ ಪುಸ್ತಕವನ್ನೂ ಅಂಗಡಿಗಳ ಮಾರಾಟದ ಲೆಕ್ಕವನ್ನೂ ಹಿಂದಿನ ವರ್ಷದ ಅದೇ ತಿಂಗಳಿನೊಡನೆ ಜೊತೆಯಿಟ್ಟು ಓದಿದ ಮೇಲೆ, ಫಲಕವನ್ನು ಕೀಳಬೇಕೆನ್ನುವವರು ಬಂದು ತಮ್ಮ ಕಾರಣವನ್ನು ಹೇಳಲಿ.